ಗ್ರಾಫಿಗೆ ಒತ್ತಕ್ಷರ ಬರುವುದು ಯಾವಾಗ?

ಸಂಘದ ಸ್ಮರಣ ಸಂಚಿಕೆಗೆ ಒಂದು ಗ್ರಾಫ್ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡಾಗ ಅದು ಇಷ್ಟು ದೂರ ಎಳೆಯುತ್ತದೆ ಎಂದುಕೊಂಡಿರಲಿಲ್ಲ. ಪುಣೆಯಲ್ಲಿ ನಾವು ನಾಲ್ಕು ಜನ ಸೇರಿ ಭಾನುವಾರ ನಡೆಸುವ ಕನ್ನಡ ತರಗತಿಗೆ ಯಾವ ವರ್ಷ ಎಷ್ಟು ಮಕ್ಕಳು ಬಂದರು ಎಂಬ ಸಣ್ಣ ಲೆಕ್ಕ ಅದು. ಹಿಂಜೇವಾಡಿಯ ಕಚೇರಿಯಲ್ಲಿ ದಿನವಿಡೀ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಿಡಿದು ಇದೇ ಕೆಲಸ ಮಾಡುವವನಿಗೆ ಐದು ನಿಮಿಷದ ಮಾತು. ಗ್ರಾಫ್ ಬಿಡಿಸಲು ಪೈಥಾನಿನಲ್ಲಿರುವ ಸಿದ್ಧ ಕೋಡಿನ ಸಂಗ್ರಹ, ಅಂದರೆ ಲೈಬ್ರರಿ, ಮ್ಯಾಟ್‌ಪ್ಲಾಟ್‌ಲಿಬ್‌. ಅದರಲ್ಲಿ ಸ್ತಂಭಗಳನ್ನು ನಿಲ್ಲಿಸಿದೆ, ನೆತ್ತಿಯ ಮೇಲೆ 'ಮಹಾರಾಷ್ಟ್ರದಲ್ಲಿ ಕನ್ನಡ: ವರ್ಷವಾರು ವಿದ್ಯಾರ್ಥಿಗಳು' ಎಂದು ಬರೆದೆ, ಸರಿಯಾಗಿ ನೋಡದೆ ಕಾರ್ಯದರ್ಶಿಗಳಿಗೆ ವಾಟ್ಸಾಪ್ ಮಾಡಿದೆ. ಅವರು ಉಡುಪಿ ಕಡೆಯವರು, ಇಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಎರಡೇ ನಿಮಿಷದಲ್ಲಿ ಫೋನ್ ಬಂತು.

"ಇದು ಯಾವ ಲಿಪಿ ಮಾರಾಯರೆ? ನಮ್ಮ ತರಗತಿಯ ಮಕ್ಕಳೂ ಕಾಗುಣಿತ ಇಷ್ಟು ತಪ್ಪುವುದಿಲ್ಲ."

ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮಹಾರಾಷ್ಟ್ರದ ಕೊನೆಯಲ್ಲಿ ಷ ನಿಂತಿದೆ, ಅದರ ಪಕ್ಕ ಒಂದು ಅನಾಥ ಕೊಕ್ಕೆ, ಆಮೇಲೆ ಟ, ಮತ್ತೊಂದು ಕೊಕ್ಕೆ, ಕೊನೆಗೆ ರ. ರೇಷನ್ ಅಂಗಡಿಯ ಮುಂದೆ ಸಾಲು ನಿಂತಂತೆ. 'ವಿ' ಇರಬೇಕಾದಲ್ಲಿ ವ ತನ್ನ ತಲಕಟ್ಟನ್ನು ಬಿಟ್ಟುಕೊಟ್ಟಿಲ್ಲ, ಗುಡಿಸು ಬೇರೆಯಾಗಿ ಬಂದು ಅಂಟಿಕೊಂಡಿದೆ. ಅರ್ಕಾವತ್ತಿನ ಸುಳಿವೇ ಇಲ್ಲ. ಹಳೆಯ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುವವರ ಬಳಿ ಒತ್ತಕ್ಷರಗಳಿಗೆ ಬೇರೆ ಮೊಳೆಗಳೇ ಇರುತ್ತಿದ್ದವು. ಕಂಪ್ಯೂಟರಿನಲ್ಲಿ ಆ ಕೆಲಸವನ್ನು ಹಾರ್ಫ್‌ಬಝ್‌ನಂತಹ ತಂತ್ರಾಂಶ ಮಾಡುತ್ತದೆ: ಷ, ಟ, ರ ಒಟ್ಟಿಗೆ ಬಂದರೆ ಫಾಂಟಿನಿಂದ ಯಾವ ಆಕಾರವನ್ನು ಎತ್ತಿಕೊಂಡು ಎಲ್ಲಿ ಕೂರಿಸಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ನಾನು ಬಳಸುವ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಆ ಹಂತವೇ ಇಲ್ಲ. ಒಂದರ ಪಕ್ಕ ಒಂದು ಅಕ್ಷರ ಇಡುತ್ತಾ ಹೋಗುತ್ತದೆ. ಇಂಗ್ಲಿಷಿಗೆ ಅಷ್ಟು ಸಾಕು.

ಪಕ್ಕದ ಮೇಜಿನ ಮರಾಠಿ ಗೆಳೆಯನಿಗೆ ತೋರಿಸಿದರೆ ಅವನು ನಕ್ಕು ತನ್ನ ಹಳೆಯ ಗ್ರಾಫ್ ತೆಗೆದ. ದೇವನಾಗರಿಯಲ್ಲಿ ಹ್ರಸ್ವ ಇಕಾರದ ಚಿಹ್ನೆ ಅಕ್ಷರದ ಎಡಕ್ಕೆ ಬರಬೇಕು. ಅವನ ಗ್ರಾಫಿನಲ್ಲಿ ಅದು ಬಲಕ್ಕೆ ಹೋಗಿ ಮುಂದಿನ ಅಕ್ಷರದ ಮಡಿಲಲ್ಲಿ ಕುಳಿತಿತ್ತು.

ಈ ಲೈಬ್ರರಿಯನ್ನು ಬೈಯಲು ನನಗೆ ಮನಸ್ಸಿಲ್ಲ. ನನ್ನ ಅನ್ನ ಅದರಿಂದಲೇ ಬರುತ್ತಿದೆ. ಇದನ್ನು ಬರೆದ ಜಾನ್ ಹಂಟರ್ ಮೂರ್ಛೆರೋಗಿಗಳ ಮಿದುಳಿನ ವಿದ್ಯುತ್ ಸಂಕೇತಗಳನ್ನು ಅಭ್ಯಸಿಸುತ್ತಿದ್ದ ನರವಿಜ್ಞಾನಿ. ಅವರ ಪ್ರಯೋಗಾಲಯದಲ್ಲಿದ್ದ ತಂತ್ರಾಂಶಕ್ಕೆ ಒಂದೇ ಪರವಾನಗಿ. ಅದರ ಕೀಲಿಯಾದ ಸಣ್ಣ ಯಂತ್ರವನ್ನು ಎಲ್ಲರೂ ಸರದಿಯಲ್ಲಿ ಒಬ್ಬರಿಂದೊಬ್ಬರು ಇಸಿದುಕೊಳ್ಳಬೇಕಿತ್ತು. ಆ ಕಾಟ ತಾಳಲಾರದೆ ಶುರುವಾದದ್ದು 2003ರಲ್ಲಿ ಎಲ್ಲರ ಕೈಗೆ ಬಂತು. ಹಂಟರ್ 2012ರಲ್ಲಿ ತೀರಿಕೊಂಡರು, ಉಳಿದವರು ಕೆಲಸ ನಿಲ್ಲಿಸಲಿಲ್ಲ.

ಆಮೇಲೆ ಬಂದ ಹೊಸ ಸೌಲಭ್ಯಗಳಲ್ಲಿ ಕೆಲವನ್ನು ನಾನು ಹಬ್ಬದಂತೆ ಸ್ವಾಗತಿಸಿದ್ದೇನೆ. ನಾವೇನೂ ಹೇಳದಿದ್ದಾಗ ತಾನಾಗಿ ಬರುತ್ತಿದ್ದ 'ಜೆಟ್' ಎಂಬ ಕಾಮನಬಿಲ್ಲಿನ ಬಣ್ಣಗಳ ಜಾಗಕ್ಕೆ 2017ರ 2.0 ಆವೃತ್ತಿ 'ವಿರಿಡಿಸ್' ಎಂಬ ಬಣ್ಣಪಟ್ಟಿ ತಂದಿತು. ಅಂಕಿ ಏರಿದಂತೆ ಬಣ್ಣದ ಬೆಳಕೂ ಸಮವಾಗಿ ಏರುವುದರಿಂದ ಇಲ್ಲದ ಗೆರೆಗಳು ಕಣ್ಣಿಗೆ ಕಾಣುವುದಿಲ್ಲ. 2021ರ 3.4ರಲ್ಲಿ ಸ್ತಂಭದ ತಲೆಯ ಮೇಲೆ ಅಂಕಿ ಬರೆಯಲು 'ಬಾರ್ ಲೇಬಲ್' ಬಂದಾಗ ನಾನು ವರ್ಷಗಳಿಂದ ನಕಲು ಮಾಡುತ್ತಿದ್ದ ಆರು ಸಾಲಿನ ಕೋಡ್ ಕಸದ ಬುಟ್ಟಿಗೆ ಹೋಯಿತು. 2024ರ ಡಿಸೆಂಬರಿನ 3.10ರಲ್ಲಿ ಬಣ್ಣಗುರುಡು ಇರುವವರಿಗೂ ಬೇರೆಬೇರೆಯಾಗಿ ಕಾಣುವ ಹತ್ತು ಬಣ್ಣಗಳ ಸಾಲು ಬಂತು. ಒಳ್ಳೆಯದೇ. ಆದರೆ ಬಣ್ಣ ಕಾಣದವರ ಬಗ್ಗೆ ಇಷ್ಟು ಮುತುವರ್ಜಿ ಇರುವ ಜಾಗದಲ್ಲಿ ನಮ್ಮ ಲಿಪಿಯ ಸರದಿ ಯಾಕೆ ಇಷ್ಟು ತಡವಾಯಿತು ಎಂದು ಕೇಳದೆ ಇರಲಾರೆ.

2022ರ 3.6ರಲ್ಲಿ ಅರ್ಧ ದಾರಿ ಬಂದಿದ್ದರು. ಒಂದು ಫಾಂಟಿನಲ್ಲಿ ಇಲ್ಲದ ಅಕ್ಷರವನ್ನು ಪಟ್ಟಿಯ ಮುಂದಿನ ಫಾಂಟಿನಿಂದ ತರುವ ವ್ಯವಸ್ಥೆ ಅದು. ಅದರಿಂದ ಖಾಲಿ ಚೌಕಗಳ ಕಾಟ ಕಡಿಮೆಯಾಯಿತು. ಚೌಕ ಹೋಗಿ ಸಾಲು ನಿಂತ ಷ, ಟ, ರ ಬಂದವು, ಅಷ್ಟೇ. ಅಕ್ಷರ ಜೋಡಿಸುವ ಭಾಗವನ್ನು ಬುಡದಿಂದ ಕಟ್ಟಿ ಅದರೊಳಗೆ 'ಲಿಬ್‌ರಕ್ಮ್' ಎಂಬ ಅಕ್ಷರ ಜೋಡಣೆಯ ತಂತ್ರಾಂಶ ಸೇರಿಸುವ ಕೆಲಸವನ್ನೂ ಕೈಗೆತ್ತಿಕೊಂಡಿದ್ದಾರೆ. ರಕ್ಮ್ ಅರಬ್ಬಿ ಪದ, ಬರಹ ಎಂದೂ ಅಂಕಿ ಎಂದೂ ಅರ್ಥ. ನಮ್ಮ ಖಾತೆ ಪುಸ್ತಕದ 'ರಕಮು' ಬಂದದ್ದು ಅಲ್ಲಿಂದಲೇ! ಲಿಬ್‌ರಕ್ಮ್‌ನ ಹೊಟ್ಟೆಯಲ್ಲಿರುವುದು ಅದೇ ಹಾರ್ಫ್‌ಬಝ್. ನನ್ನ ಮಟ್ಟಿಗೆ ಈ ಇಪ್ಪತ್ತು ವರ್ಷಗಳ ಹೊಸ ಸೌಲಭ್ಯಗಳಲ್ಲೆಲ್ಲ ಇದೇ ದೊಡ್ಡದು.

ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಲೇಬಲ್ ಸರಿಯಾಗಿ ಬರಲಿಲ್ಲ ಎಂದ ಕೂಡಲೇ ನಾವು ಇಂಗ್ಲಿಷಿನಲ್ಲಿ 'ಇಯರ್' ಎಂದು ಬರೆದು ಊಟಕ್ಕೆ ಏಳುತ್ತೇವೆ. ನಾನೂ ಹತ್ತು ವರ್ಷ ಹಾಗೆಯೇ ಎದ್ದವನು. ಈ ಲೈಬ್ರರಿಯ ಪರೀಕ್ಷೆ ನಡೆಯುವ ರೀತಿ ಗೊತ್ತೇ? ಹೊಸದಾಗಿ ಬಿಡಿಸಿದ ಚಿತ್ರವನ್ನು ಮೊದಲೇ ಇಟ್ಟುಕೊಂಡ ಮಾದರಿ ಚಿತ್ರದೊಂದಿಗೆ ಯಂತ್ರ ಹೋಲಿಸುತ್ತದೆ. ಮಾದರಿಯೇ ತಪ್ಪಾಗಿದ್ದರೆ ತಪ್ಪೇ ಪಾಸಾಗುತ್ತದೆ. ಕನ್ನಡದ ಮಾದರಿ ಸರಿಯಿದೆ ಎಂದು ಹೇಳಲು ಕನ್ನಡ ಓದಬಲ್ಲ ಒಂದು ಜೋಡಿ ಕಣ್ಣು ಬೇಕು.

ಆ ಹೊಸ ಜೋಡಣೆ ಇರುವ ಆವೃತ್ತಿ ಕೈಗೆ ಬರುವವರೆಗೆ ಒಂದು ಅಡ್ಡದಾರಿ ಇದೆ. 'ಎಸ್‌ವಿಜಿ ಫಾಂಟ್‌ಟೈಪ್' (svg.fonttype) ಎಂಬ ಆಯ್ಕೆಯನ್ನು 'ನನ್' (none) ಎಂದು ಇಟ್ಟು ಚಿತ್ರವನ್ನು ಎಸ್‌ವಿಜಿ ಎಂಬ ಚಿತ್ರ ಕಡತವಾಗಿ ಉಳಿಸಿ. ಆಗ ಮ್ಯಾಟ್‌ಪ್ಲಾಟ್‌ಲಿಬ್ ಅಕ್ಷರಗಳನ್ನು ತಾನು ಬಿಡಿಸದೆ ಪಠ್ಯವಾಗಿಯೇ ಬಿಡುತ್ತದೆ, ಒತ್ತು ಕೊಡುವ ಕೆಲಸ ಬ್ರೌಸರಿನದೋ ಇಂಕ್‌ಸ್ಕೇಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದ್ದೋ ಆಗುತ್ತದೆ. ಅಳತೆ ಮಾತ್ರ ಆಚೀಚೆ ಆಗಬಹುದು, ಶೀರ್ಷಿಕೆಯನ್ನು ಕೈಯಿಂದ ಸ್ವಲ್ಪ ಸರಿಸಬೇಕಾಗುತ್ತದೆ. ನಾನು ಹಾಗೆಯೇ ಮಾಡಿದೆ. ಸಂಚಿಕೆ ಅಚ್ಚಿಗೆ ಹೋಯಿತು.

ಈಗ ಪರೀಕ್ಷೆಗೆ ಕೊಡಲು ಕಷ್ಟದ ಪದಗಳ ಪಟ್ಟಿ ಮಾಡುತ್ತಿದ್ದೇನೆ. ಅರ್ಘ್ಯ, ಉಜ್ಜ್ವಲ, ರಾಷ್ಟ್ರೀಯ ಇಷ್ಟು ಸಿಕ್ಕಿವೆ. ನಿಮಗೆ ಹೊಳೆದದ್ದನ್ನು ಕೆಳಗೆ ಬರೆಯಿರಿ. ಕಾರ್ಯದರ್ಶಿಗಳನ್ನು ಕೇಳಿದಾಗ ಅವರು ಚಹಾ ಲೋಟ ಕೆಳಗಿಟ್ಟು, ಯೋಚಿಸಿ, 'ಸ್ವಾತಂತ್ರ್ಯ' ಎಂದರು. ತಕಾರದ ಕೆಳಗೆ ಎರಡು ಒತ್ತು. ಪಟ್ಟಿಯಲ್ಲಿ ಅದನ್ನು ಮೊದಲಿಗೆ ಹಾಕಿದ್ದೇನೆ.