ಬೀಗ ರಿಪೇರಿಯ ಬ್ರ್ಯಾಂಡ್ ಫಿಲಾಸಫಿ

ಒಂದು ಬೀಗ ರಿಪೇರಿ ಅಂಗಡಿ ಇದೆ ಅಂದುಕೊಳ್ಳಿ. ಬೋರ್ಡ್ ಮೇಲೆ ಆಳೆತ್ತರದ ಬೀಗದ ಕೈ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ ಫೋನ್ ನಂಬರ್. ಕನ್ನಡಕ ಮರೆತು ಬಂದವರಿಗೂ ಇಲ್ಲಿ ಏನು ಕೆಲಸ ಆಗುತ್ತದೆ ಅಂತ ರಸ್ತೆಯಾಚೆಯಿಂದಲೇ ಗೊತ್ತಾಗುತ್ತದೆ. ಹೊಸ ಲೋಗೋ ಮಾಡಿಕೊಡಲು ಬಂದ ಡಿಸೈನರ್ ಪ್ರಕಾರ ತೊಂದರೆ ಇರುವುದೇ ಅಲ್ಲಿ. ಬೋರ್ಡಿನಲ್ಲಿ ‘ಸ್ಟೋರಿ’ ಇಲ್ಲ.

ಹಾಗಾಗಿ ಮೊದಲು ಮೀಟಿಂಗ್. “ನಿಮ್ಮ ಬ್ರ್ಯಾಂಡ್ ಒಬ್ಬ ಮನುಷ್ಯ ಆಗಿದ್ದರೆ ಹೇಗಿರುತ್ತಿದ್ದ?” “ನನ್ನ ಹಾಗೇ ಇರ್ತಿದ್ದ, ಅಂಗಡಿ ನಂದೇ ಅಲ್ವಾ?” ಡಿಸೈನರ್ ಖುಷಿಯಿಂದ ‘ಅಥೆಂಟಿಕ್’ ಎಂದು ಬರೆದುಕೊಳ್ಳುತ್ತಾರೆ. ಮುಂದಿನ ಪ್ರಶ್ನೆ, ಗಿರಾಕಿ ಯಾರು? “ಬೀಗದ ಕೈ ಕಳಕೊಂಡವರು” ಅಂದರೆ ಸಾಲದು. ಅವರ ಆಸೆ, ಕನಸು, ವೀಕೆಂಡ್ ಹೇಗೆ ಕಳೆಯುತ್ತಾರೆ ಎಲ್ಲ ಬೇಕು. ಮನೆ ಹೊರಗೆ ನಿಂತು ಕಳೆಯುತ್ತಾರೆ, ಇನ್ನೇನು!

ಆಮೇಲೆ ಪ್ರೆಸೆಂಟೇಶನ್. 40 ಸ್ಲೈಡ್. ಮೊದಲು ಮಂಜು, ನದಿಯ ಕಲ್ಲು, ಯಾರದೋ ಕೈ. ಲೋಗೋ ದರ್ಶನ ಕೊಡುವುದು 31ನೇ ಸ್ಲೈಡಿನಲ್ಲಿ. ಅದೊಂದು ಬೂದು ಬಣ್ಣದ ವೃತ್ತ, ಬಲಗಡೆ ಚೂರು ಬಿರುಕು. ವೃತ್ತ ಅಂದರೆ ಭದ್ರತೆ, ಬಿರುಕು ಅಂದರೆ ಅವಕಾಶ. ಸುಮ್ನೆ ಎಳೆದದ್ದಲ್ಲ, ಗೋಲ್ಡನ್ ರೇಶಿಯೋ, ಅಂದರೆ ಕಣ್ಣಿಗೆ ಚೆಂದ ಅಂತ ಹೇಳುವ 1.618ರ ಅನುಪಾತದ ಲೆಕ್ಕದಲ್ಲಿ ಎಳೆದದ್ದು. ಮಾಲೀಕರಿಗೆ ಮಾತ್ರ ಒಡೆದ ಬಳೆ ಕಾಣಿಸುತ್ತದೆ. ಹೇಳಿದರೆ ದಡ್ಡ ಅಂದುಕೊಂಡಾರು ಎಂದು ತಲೆಯಾಡಿಸುತ್ತಾರೆ.

ಈ ಕಾಯಿಲೆ ದೊಡ್ಡವರ ಮನೆಯಿಂದ ಬಂದದ್ದು. 2008ರಲ್ಲಿ ಪೆಪ್ಸಿಗೆ ಹೊಸ ಲೋಗೋ ಮಾಡಿದ ಅರ್ನೆಲ್ ಗ್ರೂಪ್, ಅದನ್ನು ವಿವರಿಸಲು 27 ಪುಟ ಬರೆದಿತ್ತು. ಅದು ಸೋರಿಕೆಯಾಗಿ ಊರೆಲ್ಲ ಓದಿತು. ಗೋಲ್ಡನ್ ರೇಶಿಯೋ, ಮೋನಾಲಿಸಾ, ಭೂಮಿಯ ಕಾಂತಕ್ಷೇತ್ರ, ಎಲ್ಲವೂ ಅದರಲ್ಲಿದ್ದವು. ಒಂದು ಸೋಡಾ ಡಬ್ಬಿಗೆ! 2010ರಲ್ಲಿ ಗ್ಯಾಪ್ ಬಟ್ಟೆ ಕಂಪನಿ ಹೊಸ ಲೋಗೋ ತಂದು, ಜನ ಉಗಿದರು ಅಂತ ಒಂದು ವಾರದಲ್ಲೇ ಹಳೆಯದನ್ನೇ ಮತ್ತೆ ಹಾಕಿಕೊಂಡಿತು. 1971ರಲ್ಲಿ ಶೂ ಕಂಪನಿ ನೈಕಿಯ ಲೋಗೋ ಆದ ಆ ಗೀಟು ಎಳೆದ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್‌ಗೆ ಸಿಕ್ಕಿದ್ದು 35 ಡಾಲರ್. ಪಾಪ, ಕಾಂತಕ್ಷೇತ್ರದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ನನಗೆ ತುಂಬಾ ಇಷ್ಟವಾಗುವುದು ಮಾಕಪ್, ಅಂದರೆ ಲೋಗೋ ಹಾಕಿದರೆ ಹೇಗೆ ಕಾಣುತ್ತದೆ ಅಂತ ತೋರಿಸುವ ನಕಲಿ ಚಿತ್ರ. ಅದೇ ಒಡೆದ ಬಳೆ ಗಾಜಿನ ಗಗನಚುಂಬಿಯ ನೆತ್ತಿಯ ಮೇಲೆ. ವಿಮಾನದ ಬಾಲದ ಮೇಲೆ. ಯಾವುದೋ ಸುಂದರಿಯ ಹೆಗಲ ಚೀಲದ ಮೇಲೆ. ಅಂಗಡಿಯಲ್ಲಿ ಇರುವುದು ಒಂದು ಅರ, ಒಂದು ಸುತ್ತಿಗೆ, ಒಂದು ಡಬ್ಬಿ ಎಣ್ಣೆ. ಬಿಲ್ ಬುಕ್ಕಿನ ಮೇಲೆ ಲೋಗೋ ಹೇಗೆ ಕಾಣುತ್ತದೆ ಎಂಬ ಸ್ಲೈಡ್ ಮಾತ್ರ ಇಲ್ಲ. ರಬ್ಬರ್ ಸ್ಟ್ಯಾಂಪ್ ಮಾಡಿಸಿದಾಗ ಗೊತ್ತಾಗುತ್ತದೆ, ಶಾಯಿ ಹರಡಿ ಬಿರುಕು ಮುಚ್ಚಿಹೋಗುತ್ತದೆ. ‘ಅವಕಾಶ’ ಅಲ್ಲಿಗೆ ಮುಗಿಯಿತು. ಬೋರ್ಡ್ ಮಾಡುವವರು ಎಷ್ಟು ಹಿಗ್ಗಿಸಿದರೂ ಮಸುಕಾಗದ ವೆಕ್ಟರ್ ಫೈಲ್ ಕೇಳಿದರೆ ವಾಟ್ಸ್ಆ್ಯಪ್‌ನಲ್ಲಿ ಬಂದ ಜೆಪೆಗ್ ಫೋಟೋ ಬಿಟ್ಟು ಬೇರೇನೂ ಸಿಗುವುದಿಲ್ಲ.

ಮಾಲೀಕರೇನು ಕಮ್ಮಿ ಇಲ್ಲ. ಎದುರಿನ ಲಾಂಡ್ರಿ ಬೂದು ಬಣ್ಣಕ್ಕೆ ತಿರುಗಿತು ಅಂತಲೇ ಇವರಿಗೂ ಹುಕಿ ಹತ್ತಿದ್ದು. ಪಕ್ಕದ ಟೈಲರ್‌ಗೂ ವೃತ್ತವೇ, ಬಿರುಕು ಮಾತ್ರ ಎಡಗಡೆ. ಹರಿದ ಪ್ಯಾಂಟ್ ಹಿಡಿದವರು ಬೀಗದ ಅಂಗಡಿಗೆ ಬರುತ್ತಾರೆ.

“ಫೋನ್ ನಂಬರ್ ಎಲ್ಲಿ ಹಾಕೋದು?” ಮಾಲೀಕರು ಕೊನೆಗೆ ಮೆಲ್ಲಗೆ ಕೇಳುತ್ತಾರೆ. ಲೋಗೋಗೆ ಉಸಿರಾಡಲು ಜಾಗ ಬೇಕಂತೆ. ನಂಬರ್ ಹಾಕಿದರೆ ಅದಕ್ಕೆ ಉಸಿರು ಕಟ್ಟುತ್ತದಂತೆ. ಅದರ ಬದಲು ಮೂಲೆಯಲ್ಲಿ ಪುಟ್ಟ ಕ್ಯೂಆರ್ ಕೋಡ್ ಇಟ್ಟಿದ್ದಾರೆ.

ರಾತ್ರಿ ಹನ್ನೊಂದಕ್ಕೆ, ಮನೆಯೊಳಗೆ ಹೋಗಲಾಗದವರು ಒಬ್ಬರು ಆ ಕೋಡ್ ಸ್ಕ್ಯಾನ್ ಮಾಡುತ್ತಾರೆ. ಪೇಜ್ ತೆರೆಯುತ್ತದೆ: ‘ನಮ್ಮ ಪಯಣ.’ ಕೆಳಗೆ ಮಂಜು, ನದಿಯ ಕಲ್ಲು. ಇನ್ನೂ ಕೆಳಗೆ ಹೋದರೆ ಡಿಸೈನರ್ ಫೋನ್ ನಂಬರ್.