ಕತ್ತು ಕೆಂಪಾಗದ ಕೆಂಪು ಕತ್ತಿನವರು

ತಮ್ಮ ಅಮೆರಿಕದಿಂದ ಫೋನ್ ಮಾಡಿ "ಟ್ರಕ್ಕು ತಗೊಂಡೆ" ಅಂದಾಗ ಅಮ್ಮ ಹೆದರಿಬಿಟ್ಟಳು. ಸಾಫ್ಟ್‌ವೇರ್ ಕೆಲಸ ಹೋಗಿ ಹುಡುಗ ಜಲ್ಲಿ ಹೊಡೆಯೋಕೆ ಇಳಿದಿದ್ದಾನೆ ಅಂದುಕೊಂಡಳು. ಆಮೇಲೆ ಫೋಟೋ ಬಂತು. ಮಿರಮಿರ ಮಿಂಚುವ ಕಪ್ಪು ಪಿಕಪ್ಪು. ನಮ್ಮೂರ ಹಾಲಿನ ಡೈರಿ ಕಟ್ಟಡಕ್ಕಿಂತ ಸ್ವಲ್ಪ ಚಿಕ್ಕದು. ಬೆಲೆ ಕೇಳಿ ಅಮ್ಮ ಎರಡನೇ ಸಲ ಹೆದರಿದಳು.

2025ರ ಬೇಸಿಗೆಯಲ್ಲಿ ನಾನೂ ಜಾರ್ಜಿಯಾ ರಾಜ್ಯದ ಅಟ್ಲಾಂಟಾದ ಉತ್ತರಕ್ಕಿರುವ ಅವನ ಮನೆಗೆ ಹೋಗಿ ಆರು ತಿಂಗಳು ಇದ್ದು ಬಂದೆ. ಆ ಬಡಾವಣೆಯಲ್ಲಿ ಎಲ್ಲಿ ನೋಡಿದರೂ ಪಿಕಪ್ಪು. ಇಷ್ಟೊಂದು ಗಾಡಿಗೆ ಹೊಲ ಎಲ್ಲಿದೆ ಅಂತ ಬೆಳಗಿನ ವಾಕಿಂಗ್‌ನಲ್ಲಿ ಹುಡುಕಿದೆ. ಹುಲ್ಲು ಸಿಕ್ಕಿತು. ಅದನ್ನು ಯಾವ ದನವೂ ಮೇಯುವಂತಿಲ್ಲ. ಒಂದು ಅಳತೆ ಮೀರಿ ಬೆಳೆದರೆ ಬಡಾವಣೆಯ ಸಂಘದವರು ಮನೆಗೆ ಕಾಗದ ಕಳಿಸುತ್ತಾರೆ.

ತಮ್ಮನ ಗಾಡಿಯ ಹಿಂದೆ ಐದೂವರೆ ಅಡಿಯ ತೊಟ್ಟಿ ಇದೆ. ಮುಂದೆ ಐದು ಜನ ಕಾಲು ಚಾಚಿ ಕೂರಬಹುದು. ಹಳೇ ಕಾಲದ ಪಿಕಪ್ಪಿನಲ್ಲಿ ಎಂಟು ಅಡಿ ತೊಟ್ಟಿ ಇರುತ್ತಿತ್ತು, ಮುಂದೆ ಒಂದೇ ಒಂದು ಉದ್ದನೆ ಸೀಟು. ವರ್ಷ ಕಳೆದಂತೆ ಸೀಟು ಹಿಂದಕ್ಕೆ ಬಂತು, ತೊಟ್ಟಿ ಕುಗ್ಗಿತು. ತೊಟ್ಟಿಗೆ ಗೀರು ಬೀಳಬಾರದು ಅಂತ ಒಳಗೆ ರಬ್ಬರ್ ಹಾಸಿದ್ದಾನೆ. ರಬ್ಬರಿಗೆ ಧೂಳು ಕೂರಬಾರದು ಅಂತ ಮೇಲೆ ಮುಚ್ಚಳ ಹಾಕಿಸಿದ್ದಾನೆ. ಮುಚ್ಚಳಕ್ಕೆ ಬೀಗ. ಇಂಡಿಯನ್ ಸ್ಟೋರಿನಿಂದ ಸೋನಾ ಮಸೂರಿ ಮೂಟೆ ತಂದ ದಿನ ಅದನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದ. ಅಷ್ಟೆಲ್ಲ ಮಾಡಿ ತೊಟ್ಟಿಯಲ್ಲಿ ಅಕ್ಕಿ ಹಾಕೋಕಾಗುತ್ತಾ?

ಇವನದು ಪರವಾಗಿಲ್ಲ. ಫೋರ್ಡ್ ಕಂಪನಿಯವರು ಟೆಕ್ಸಾಸ್‌ನ ಕಿಂಗ್ ರಾಂಚ್ ಎಂಬ ದೊಡ್ಡ ದನದ ದೊಡ್ಡಿಯ ಹೆಸರಿನಲ್ಲೇ ಒಂದು ದುಬಾರಿ ಪಿಕಪ್ಪು ಮಾರುತ್ತಾರೆ. ಅಲ್ಲಿನ ದನಗಳಿಗೆ ಹಾಕುವ ಬರೆಯ ಗುರುತು ಈ ಗಾಡಿಯ ತೊಗಲಿನ ಸೀಟಿನ ಮೇಲಿರುತ್ತದೆ. ಅಂದರೆ ದನಕ್ಕೆ ಬರೆ ಹಾಕುವ ಕಷ್ಟವಿಲ್ಲದೆ, ಬರೆಯ ಮೇಲೆ ಆರಾಮಾಗಿ ಕೂತು ಆಫೀಸಿಗೆ ಹೋಗಬಹುದು.

ಈ ಗಾಡಿಗಳ ಹಿಂದೆ ಒಂದು ಕೋಳಿ ಕತೆಯೂ ಇದೆ. 1960ರ ದಶಕದ ಶುರುವಿನಲ್ಲಿ ಅಮೆರಿಕದ ಅಗ್ಗದ ಕೋಳಿ ಯುರೋಪಿಗೆ ನುಗ್ಗಿತು. ಅಲ್ಲಿನವರು ಸುಂಕ ಹಾಕಿದರು. ಸಿಟ್ಟಿಗೆದ್ದ ಅಮೆರಿಕ 1964ರಿಂದ ಹೊರದೇಶದ ಸಣ್ಣ ಟ್ರಕ್ಕುಗಳ ಮೇಲೆ ಶೇ. 25 ಸುಂಕ ಹಾಕಿತು. ಜೊತೆಗೆ ಬ್ರಾಂಡಿ ಮೇಲೂ, ಆಲೂಗಡ್ಡೆ ಹಿಟ್ಟಿನ ಮೇಲೂ. ಅದಕ್ಕೆ 'ಕೋಳಿ ತೆರಿಗೆ' ಅಂತಲೇ ಹೆಸರು. ಕೋಳಿ ಜಗಳ ಮುಗಿದು ಎಷ್ಟೋ ವರ್ಷವಾದರೂ ಟ್ರಕ್ಕಿನ ಸುಂಕ ಹಾಗೇ ಉಳಿಯಿತು. ಅಪ್ಪಟ ಅಮೆರಿಕನ್ ಗಂಡಸಿನ ಅಪ್ಪಟ ಅಮೆರಿಕನ್ ಗಾಡಿಯನ್ನು ಅರವತ್ತು ವರ್ಷದಿಂದ ಕಾಯುತ್ತಾ ಬಂದಿರುವುದು ಸತ್ತ ಕೋಳಿ.

ತಮ್ಮನ ಪಕ್ಕದ ಮನೆಯವರು ಹಲ್ಲಿನ ಡಾಕ್ಟರು. ಮೊದಲ ದಿನವೇ ಕೈ ಕುಲುಕಿ, "ನಾನು ಇಲ್ಲಿಯವನೇ, ಶುದ್ಧ ರೆಡ್‌ನೆಕ್" ಅಂತ ಪರಿಚಯ ಮಾಡಿಕೊಂಡರು. ನಾನು ಕತ್ತು ನೋಡಿದೆ. ಬೂದುಗುಂಬಳದ ಹಾಗೆ ಬೆಳ್ಳಗಿತ್ತು.

ರೆಡ್‌ನೆಕ್ ಅಂದರೆ ಕೆಂಪು ಕತ್ತಿನವನು. ದಕ್ಷಿಣದ ರಾಜ್ಯಗಳಲ್ಲಿ ಬಿಸಿಲಲ್ಲಿ ಬಗ್ಗಿ ದುಡಿದು ಕತ್ತು ಸುಟ್ಟುಕೊಂಡ ಬಡ ಬಿಳಿಯ ರೈತನಿಗೆ ಪೇಟೆಯವರು ಇಟ್ಟ ಹೆಸರು. ನಮ್ಮಲ್ಲಿ ಹಳ್ಳಿ ಗಮಾರ, ಹಳ್ಳಿ ಗುಗ್ಗು ಅಂತಾರಲ್ಲ, ಆ ದನಿಯ ಬೈಗುಳ. ನಮ್ಮಲ್ಲಿ ಕತ್ತು ಕೆಂಪಾಗಲ್ಲ, ಕಪ್ಪಾಗುತ್ತದೆ. ನಮ್ಮಪ್ಪನ ಅಂಗಿ ಬಿಚ್ಚಿದರೆ ಕಾಲರ್ ಇರುವಲ್ಲಿ ಗೆರೆ ಎಳೆದಂತೆ ಎರಡು ಬಣ್ಣ. ಅದನ್ನು ತೋರಿಸಿ ಅವರು ಯಾರ ಹತ್ತಿರವೂ ಪರಿಚಯ ಮಾಡಿಕೊಂಡಿದ್ದು ನಾನು ಕಂಡಿಲ್ಲ. ಮದುವೆಗೆ ಹೋಗುವಾಗ ಅದರ ಮೇಲೆ ಪೌಡರ್ ಹಚ್ಚುತ್ತಿದ್ದರು.

ಈ ಹೆಸರಿಗೆ ಇನ್ನೊಂದು ಮಾನದ ಕತೆಯೂ ಇದೆ, ಅದನ್ನು ಯಾರೂ ಟೀ ಶರ್ಟಿನ ಮೇಲೆ ಹಾಕಿಕೊಂಡಿದ್ದು ನಾನು ನೋಡಲಿಲ್ಲ. 1921ರಲ್ಲಿ ವೆಸ್ಟ್ ವರ್ಜೀನಿಯಾದ ಬ್ಲೇರ್ ಬೆಟ್ಟದಲ್ಲಿ ಸುಮಾರು ಹತ್ತು ಸಾವಿರ ಕಲ್ಲಿದ್ದಲು ಕಾರ್ಮಿಕರು ಗಣಿ ಮಾಲೀಕರ ಕಡೆಯವರ ವಿರುದ್ಧ ಬಂದೂಕು ಹಿಡಿದು ನಿಂತರು. ತಮ್ಮವರು ಯಾರು ಅಂತ ಗುರುತು ಸಿಗಲಿ ಅಂತ ಕುತ್ತಿಗೆಗೆ ಕೆಂಪು ವಸ್ತ್ರ ಕಟ್ಟಿಕೊಂಡಿದ್ದರು. ಅವರಲ್ಲಿ ಬಿಳಿಯರಿದ್ದರು, ಕಪ್ಪು ಜನರಿದ್ದರು, ಹೊಸದಾಗಿ ವಲಸೆ ಬಂದವರೂ ಇದ್ದರು. ಬಾಡಿಗೆ ವಿಮಾನದಿಂದ ಅವರ ಮೇಲೆ ಬಾಂಬ್ ಹಾಕಿದರು. ಕೊನೆಗೆ ಸೈನ್ಯ ಬಂತು. ಹಲ್ಲಿನ ಡಾಕ್ಟರಿಗೆ ಇದನ್ನು ಹೇಳಿದೆ. "ಕಾರ್ಮಿಕ ಸಂಘದವರಾ?" ಅಂತ ಮುಖ ಸಣ್ಣಗೆ ಮಾಡಿದರು. ನಮ್ಮ ರೈತಸಂಘದ ಹಸಿರು ಶಾಲು ಕೊನೆಗೆ ಯಾರ್ಯಾರ ಹೆಗಲ ಮೇಲೆ ಬಂತು ಅಂತ ನೆನಪಾಗಿ ನಾನೂ ಸುಮ್ಮನಾದೆ.

ಮೇ ತಿಂಗಳಲ್ಲಿ ತಮ್ಮ ಸಮುದ್ರ ತೋರಿಸ್ತೀನಿ ಅಂತ ಸವನ್ನಾ ಊರಿಗೆ ಹೊರಡಿಸಿದ. ಹೊರಡುವ ಮುಂಚೆ ಎಲೆ, ತೊಗಟೆ, ಕಡ್ಡಿಗಳ ಚಿತ್ರವಿರುವ ಟೋಪಿ ಹಾಕಿಕೊಂಡ. ಬೇಟೆಯವರ ಟೋಪಿ. ಅಟ್ಲಾಂಟಾದಿಂದ ಎರಡು ಗಂಟೆ ದೂರದ ಕೊಲಂಬಸ್ ಊರಿನಲ್ಲಿ 1986ರಲ್ಲಿ ಶುರುವಾದ ಕಂಪನಿಯದು. ಮಾಲೀಕ ತನ್ನ ಅಪ್ಪ ಅಮ್ಮನ ಮನೆ ಮುಂದಿನ ಓಕ್ ಮರದ ತೊಗಟೆ ನೋಡಿ ಬರೆದ ವಿನ್ಯಾಸ ಅದು ಅಂತ ಕಂಪನಿಯೇ ಹೇಳುತ್ತದೆ. ಕಾಡಿನಲ್ಲಿ ಕಣ್ಣಿಗೆ ಬೀಳದಿರಲಿ ಅಂತ ಹುಟ್ಟಿದ ಬಟ್ಟೆ ಈಗ ಮಾಲಿನಲ್ಲಿ ಎಲ್ಲರ ಕಣ್ಣಿಗೆ ಬೀಳಲಿ ಅಂತ ಹಾಕೋದು. ಮದುವೆ ಗಂಡಿನ ಕೋಟೂ ಆ ಬಟ್ಟೆಯಲ್ಲಿ ಸಿಗುತ್ತದೆ, ಮಗುವಿನ ಜೋಲಿಯೂ.

ನಿಜವಾದ ಬೇಟೆಗಾರನ ಪಾಡು ಇನ್ನೂ ಮಜವಾಗಿದೆ. ಜಾರ್ಜಿಯಾದಲ್ಲಿ ಬಂದೂಕು ಹಿಡಿದು ಜಿಂಕೆ ಬೇಟೆಗೆ ಹೋಗುವವನು ಕಣ್ಣು ಕುಕ್ಕುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಬಟ್ಟೆಯನ್ನು 500 ಚದರ ಇಂಚು ಮೈಮೇಲೆ ಹಾಕಲೇಬೇಕು. ಇನ್ನೊಬ್ಬ ಬೇಟೆಗಾರ ಇವನನ್ನೇ ಜಿಂಕೆ ಅಂದುಕೊಳ್ಳದಿರಲಿ ಅಂತ ಕಾನೂನು. ಹಾಗಾಗಿ ಒಳಗೆ ಮರದ ವೇಷ, ಮೇಲೆ ರಸ್ತೆ ಕಾಮಗಾರಿಯವರ ವೇಷ. ಜಿಂಕೆಗೆ ಕಿತ್ತಳೆ ಬಣ್ಣ ಸರಿಯಾಗಿ ಕಾಣೋದೇ ಇಲ್ಲ. ಪುಣ್ಯ.

ಮೇಕನ್ ಊರು ದಾಟುವ ಮೊದಲೇ ಊಟಕ್ಕೆ ಕ್ರ್ಯಾಕರ್ ಬ್ಯಾರಲ್ ಎಂಬ ಸರಣಿ ಹೋಟೆಲಿಗೆ ನುಗ್ಗಿದೆವು. ಹೆಸರಿನ ಕೆಳಗೆ 'ಹಳೇ ಹಳ್ಳಿ ಅಂಗಡಿ' ಎಂಬರ್ಥದ ಬಾಲ. ಜಗುಲಿಯ ಮೇಲೆ ಸಾಲಾಗಿ ತೂಗು ಕುರ್ಚಿಗಳು. ಪ್ರತಿಯೊಂದಕ್ಕೂ ಬೆಲೆ ಚೀಟಿ. ಬಾಗಿಲ ಮೇಲೆ ಎತ್ತಿನ ನೊಗ. ಒಳಗೆ ಬೆಂಕಿಗೂಡಿನ ಮೇಲೆ ಜಿಂಕೆ ತಲೆ, ಗೋಡೆ ತುಂಬ ಗರಗಸ, ತೂಕದ ಕಲ್ಲು, ಯಾರದೋ ಮನೆಯ ಹಿರಿಯರ ಫೋಟೋ. ಇವೆಲ್ಲ ಟೆನ್ನೆಸೀಯ ಲೆಬನಾನ್ ಊರಿನಲ್ಲಿರುವ ಕಂಪನಿ ಗೋದಾಮಿನಿಂದ ಲೆಕ್ಕ ಬರೆದು ಬರುತ್ತವೆ. ಯಾವ ಊರಿನ ಅಂಗಡಿಗೆ ಹೋದರೂ ಬಾಗಿಲ ಮೇಲೆ ನೊಗ ಇದ್ದೇ ಇರುತ್ತದೆ. ನಮ್ಮಪ್ಪ ಜೊತೆಗಿದ್ದಿದ್ದರೆ, ಎತ್ತು ಮಾರಿದ ಮನೆಯವರು ನೊಗ ಬಾಗಿಲಿಗೆ ಹೊಡೆದಿದ್ದಾರೆ ಅಂತ ಬೇಜಾರು ಮಾಡಿಕೊಳ್ಳುತ್ತಿದ್ದರೋ ಏನೋ.

ಈ ಹಳೇ ಹಳ್ಳಿ ಅಂಗಡಿ ಹುಟ್ಟಿದ್ದು 1969ರಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿದ ವರ್ಷ. ಹುಟ್ಟಿಸಿದವರು ಡ್ಯಾನ್ ಎವಿನ್ಸ್, ಶೆಲ್ ಪೆಟ್ರೋಲ್ ಕಂಪನಿಯ ಪ್ರತಿನಿಧಿ. ಹೆದ್ದಾರಿಯಲ್ಲಿ ಹೋಗುವವರು ತಿನ್ನೋಕೆ ನಿಂತರೆ ಪೆಟ್ರೋಲೂ ಹಾಕಿಸ್ತಾರೆ ಅನ್ನೋದು ಲೆಕ್ಕ. ಊರಿನ ಅಂಗಡಿಗಳ ವ್ಯಾಪಾರವನ್ನು ತಿಂದು ಹಾಕಿದ್ದು ಅದೇ ಹೆದ್ದಾರಿ. ಆಮೇಲೆ ಅದೇ ಹೆದ್ದಾರಿಯ ಬದಿಯಲ್ಲಿ ಅಂಗಡಿಯ ತಿಥಿ ಊಟ. ಊಟ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬೇಯಿಸಿದ ಹುರುಳಿಕಾಯಿ, ಜೋಳದ ರೊಟ್ಟಿ. ನಮ್ಮ ಜೋಳವಲ್ಲ, ಮುಸುಕಿನ ಜೋಳ.

ಮೇಜಿನ ಮೇಲೆ ತ್ರಿಕೋನದ ಹಲಗೆ ಇತ್ತು, ಅದರ ತೂತುಗಳಲ್ಲಿ ಗೂಟಗಳು. ಒಂದರ ಮೇಲೊಂದು ಹಾರಿಸಿ ಗೂಟ ತೆಗೆಯುತ್ತಾ ಹೋಗಬೇಕು. ಒಂದೇ ಉಳಿದರೆ ನೀವು ಜಾಣರು. ನಾಲ್ಕೋ ಅದಕ್ಕಿಂತ ಹೆಚ್ಚೋ ಉಳಿದರೆ ಹಲಗೆಯ ಮೇಲೆ ಒಂದು ಬೈಗುಳ ಬರೆದಿದೆ: 'ಎಗ್-ನೋ-ರಾ-ಮೂಸ್'. ದಡ್ಡ ಅನ್ನೋದಕ್ಕೆ ಬೇಕಂತಲೇ ತಪ್ಪು ಕಾಗುಣಿತ. ಹಳ್ಳಿಯವರಿಗೆ ಸ್ಪೆಲಿಂಗ್ ಬರಲ್ಲ ಎಂಬ ತಮಾಷೆ, ಹಳ್ಳಿಯ ಹೆಸರಲ್ಲೇ ಊಟ ಮಾರುವ ಜಾಗದಲ್ಲಿ. ನನ್ನದು ಐದು ಉಳಿಯಿತು.

ನಾವು ಅಲ್ಲಿ ತಿಂದು ಮೂರು ತಿಂಗಳಿಗೆ, ಆಗಸ್ಟ್‌ನಲ್ಲಿ, ಆ ಕಂಪನಿ ತನ್ನ ಗುರುತಿನ ಚಿತ್ರ ಬದಲಿಸಿತು. 1977ರಿಂದ ಅಲ್ಲಿ ಒಬ್ಬ ಮುದುಕ ಪೀಪಾಯಿಗೆ ಕೈಯೂರಿ ಕೂತಿದ್ದ. ಅವನನ್ನು ಎಬ್ಬಿಸಿ ಕಳಿಸಿ, ಬರೀ ಅಕ್ಷರ ಉಳಿಸಿದರು. ಅಷ್ಟೇ. ದೇಶಕ್ಕೆ ಬೆಂಕಿ ಬಿತ್ತು. ಷೇರು ಕುಸಿಯಿತು. ನಮ್ಮ ಸಂಸ್ಕೃತಿಯನ್ನು ಕೊಂದರು ಅಂತ ಟೀವಿಯಲ್ಲಿ ಗೋಳು. ಅಧ್ಯಕ್ಷ ಟ್ರಂಪ್ ಸಾಹೇಬರೂ ಕೆಲಸ ಬಿಟ್ಟು, ಹಳೇ ಚಿತ್ರವನ್ನೇ ವಾಪಸ್ ಹಾಕಿ ಅಂತ ಬರೆದರು. ಹೊಸ ಚಿತ್ರ ಬಂದು ಒಂದೇ ವಾರದಲ್ಲಿ ಕಂಪನಿ ಶರಣಾಯಿತು. ಮುದುಕ ಮತ್ತೆ ಬಂದು ಕೂತ. ಹಲ್ಲಿನ ಡಾಕ್ಟರು ಅವತ್ತು ಬೇಲಿ ಹತ್ತಿರ ನಿಂತು, "ನಮ್ಮ ಹಳ್ಳಿ ಉಳಿಯಿತು" ಅಂದರು. ಅವರ ಕಣ್ಣಲ್ಲಿ ನಿಜವಾಗಲೂ ನೀರಿತ್ತು.

ಪೀಪಾಯಿ ಪಕ್ಕದಲ್ಲಿ ಯಾರಿಗೆಲ್ಲ ಜಾಗ ಇತ್ತು ಅಂತಲೂ ಕೇಳಬಹುದಿತ್ತು. ಕಪ್ಪು ಗಿರಾಕಿಗಳನ್ನು ಬೇರೆಯಾಗಿ ನಡೆಸಿಕೊಳ್ಳುತ್ತಾರೆ ಎಂಬ ದೂರಿನ ಮೇಲೆ ಈ ಕಂಪನಿ ಅಮೆರಿಕದ ನ್ಯಾಯ ಇಲಾಖೆಯ ಜೊತೆ 2004ರಲ್ಲಿ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಆಗ ಯಾರೂ ಹಳ್ಳಿಗಾಗಿ ಇಷ್ಟು ಅತ್ತಂತಿಲ್ಲ.

ಮತ್ತೆ ದಾರಿಗೆ ಬರೋಣ. ಮೇಕನ್ ದಾಟಿ ಮುಂದೆ ಹೋದರೆ ಡಬ್ಲಿನ್ ಸಿಗುತ್ತದೆ, ಅದರ ಪಕ್ಕ ಈಸ್ಟ್ ಡಬ್ಲಿನ್. 1996ರಲ್ಲಿ ಅಟ್ಲಾಂಟಾಗೆ ಒಲಿಂಪಿಕ್ಸ್ ಬಂದಾಗ, ಈ ರೆಡ್‌ನೆಕ್ಕುಗಳು ಒಲಿಂಪಿಕ್ಸ್ ನಡೆಸ್ತಾರಂತೆ ಅಂತ ಹೊರಗಿನವರು ನಕ್ಕರು. ಇಲ್ಲಿನ ರೇಡಿಯೋದವರು, ಸರಿ ನಡೆಸೇ ಬಿಡೋಣ ಅಂತ ರೆಡ್‌ನೆಕ್ ಕ್ರೀಡಾಕೂಟ ಶುರು ಮಾಡಿದರು. ಕೆಸರಿನ ಗುಂಡಿಗೆ ಹೊಟ್ಟೆ ಬಡಿದು ಬೀಳೋದು, ಚಕ್ರದ ತಟ್ಟೆ ಎಸೆಯೋದು, ಕಲ್ಲಂಗಡಿ ಬೀಜ ಉಗಿಯೋದು, ಕಂಕುಳಲ್ಲಿ ಕೈಯಿಟ್ಟು ಪದ ನುಡಿಸೋದು. ನನ್ನ ಪ್ರಕಾರ ಈ ಇಡೀ ಕತೆಯಲ್ಲಿ ಅಪ್ಪಟ ಬುದ್ಧಿವಂತರು ಅಂದರೆ ಇವರೇ. ಬೈಗುಳ ಇಸಕೊಂಡು ಟಿಕೆಟ್ ಮಾಡಿ ವಾಪಸ್ ಮಾರಿದರು. ಹೊರದೇಶದ ಟೀವಿಯವರು ಕ್ಯಾಮೆರಾ ಹೊತ್ತು ಬಂದರು. 2012ರವರೆಗೆ ನಡೆಯಿತು. ಮಂಗಳೂರು, ಕೊಡಗಿನ ಕಡೆ ಮಳೆಗಾಲದಲ್ಲಿ ಕೆಸರುಗದ್ದೆ ಓಟ ನಡೆಯುತ್ತಲ್ಲ, ಅಲ್ಲಿಗೂ ಈಗ ಬೆಂಗಳೂರಿಂದ ಜನ ಹೊಸ ಬಟ್ಟೆ ಹಾಕಿಕೊಂಡು ಕೆಸರು ಹಚ್ಚಿಕೊಳ್ಳೋಕೆ ಬರ್ತಾರೆ. ನಾಟಿಗೆ ಕರೆದರೆ ಮಾತ್ರ ಯಾರೂ ಬರಲ್ಲ.

ಹೆದ್ದಾರಿ ಬಿಟ್ಟು ವಿಡೇಲಿಯಾ ಕಡೆ ತಿರುಗಿದೆವು. ಸಿಹಿ ಈರುಳ್ಳಿಯ ಊರು. ಕಾನೂನಿನ ಪ್ರಕಾರ ಜಾರ್ಜಿಯಾದ ಇಪ್ಪತ್ತು ಕೌಂಟಿಗಳಲ್ಲಿ, ಅಂದರೆ ಅಲ್ಲಿನ ಜಿಲ್ಲೆಗಳಲ್ಲಿ, ಬೆಳೆದರೆ ಮಾತ್ರ ಆ ಹೆಸರು. ಮೇ ತಿಂಗಳು, ಕೊಯ್ಲು ನಡೆಯುತ್ತಿತ್ತು. ಒಂದೊಂದು ಗಡ್ಡೆಯನ್ನೂ ಕೈಯಲ್ಲಿ ಹಿಡಿದು, ಕತ್ತರಿಯಿಂದ ಬೇರು, ಎಲೆ ಕತ್ತರಿಸಿ ತುಂಬುತ್ತಾರೆ. ಹೊಲದಲ್ಲಿ ನೂರಾರು ಬಾಗಿದ ಬೆನ್ನು. ಅಂಗಡಿಯವನನ್ನು ಕೇಳಿದೆ, ಇವರೆಲ್ಲ ಈ ಊರಿನವರಾ ಅಂತ. ಅವನು ನಕ್ಕ. ಮೆಕ್ಸಿಕೋದಿಂದ ಎಚ್-2ಎ ವೀಸಾದಲ್ಲಿ, ಅಂದರೆ ಹೊಲದ ಕೂಲಿಗೆ ಅಂತ ಕೊಡುವ ತಾತ್ಕಾಲಿಕ ವೀಸಾದಲ್ಲಿ, ಬಂದವರು. ತಮ್ಮ ಬಂದದ್ದು ಎಚ್-1ಬಿಯಲ್ಲಿ. ಅಕ್ಷರ ಒಂದೇ, ಬಿಸಿಲು ಬೇರೆ.

2011ರಲ್ಲಿ ಈ ರಾಜ್ಯ ವಲಸಿಗರ ಮೇಲೆ ಬಿಗಿ ಕಾನೂನು ತಂದಿತು. ಕೂಲಿಯವರು ಹೆದರಿ ಬೇರೆ ರಾಜ್ಯಕ್ಕೆ ಹೋದರು. ಹೊಲದಲ್ಲಿ ಬೆಳೆ ಕೊಳೆಯತೊಡಗಿತು. ಗವರ್ನರ್ ನೇಥನ್ ಡೀಲ್ ಒಂದು ಉಪಾಯ ಹೇಳಿದರು: ಶಿಕ್ಷೆಯಾಗಿ ಪ್ರೊಬೇಷನ್ ಮೇಲೆ, ಅಂದರೆ ಜೈಲಿನ ಹೊರಗೆ ನಿಗಾದಲ್ಲಿರುವ, ಕೆಲಸವಿಲ್ಲದ ಸ್ಥಳೀಯರನ್ನು ಹೊಲಕ್ಕೆ ಕಳಿಸೋಣ. ಸೌತೆಕಾಯಿ ಕೀಳೋಕೆ ಕಳಿಸಿದರು. ಮೊದಲ ದಿನ ಮುಗಿಯುವ ಮೊದಲೇ ಕೆಲವರು ಸಾಕಪ್ಪಾ ಅಂತ ಎದ್ದು ಹೋದರು. ಕತ್ತು ಕೆಂಪಾಗುವಷ್ಟು ಹೊತ್ತೂ ನಿಲ್ಲಲಿಲ್ಲ.

ಆ ಹೊಲದಲ್ಲಿದ್ದವರ ಕತ್ತು ಯಾವ ಬಣ್ಣ ಅಂತ ನನಗೆ ಕಾಣಲಿಲ್ಲ. ಟೋಪಿಯ ಹಿಂದೆ ಬಟ್ಟೆ ಇಳಿಬಿಟ್ಟು ಕಟ್ಟಿಕೊಂಡಿದ್ದರು. ಅಪ್ಪನೂ ಟವೆಲ್ ಹಾಗೇ ಕಟ್ಟುತ್ತಿದ್ದರು, ಆದರೂ ಗೆರೆ ಮೂಡಿತ್ತು.

ತಮ್ಮ ತೊಗಟೆ ಟೋಪಿ ಸರಿ ಮಾಡಿಕೊಂಡು ಟ್ರಕ್ಕಿಗೆ ಒರಗಿ, ಹಿಂದೆ ಹೊಲ ಬರೋ ಹಾಗೆ ಫೋಟೋ ತೆಗೆಸಿಕೊಂಡ. ಆಮೇಲೆ ಹತ್ತು ಪೌಂಡಿನ ಈರುಳ್ಳಿ ಚೀಲ ಕೊಂಡ. ಅಂತೂ ಈ ಗಾಡಿಗೆ ಒಂದು ರೈತಾಪಿ ಲೋಡು ಸಿಕ್ಕಿತು ಅಂತ ನಾನು ಹಿಂದೆ ಹೋಗಿ ತೊಟ್ಟಿಯ ಮುಚ್ಚಳದ ಹತ್ತಿರ ನಿಂತೆ.

"ಅಲ್ಲಿ ಬೇಡ," ಅಂದ. "ಮಣ್ಣಾಗುತ್ತೆ."

ಹಿಂದಿನ ಸೀಟು ತೋರಿಸಿದೆ. ತೊಗಲಿಗೆ ವಾಸನೆ ಹಿಡಿಯುತ್ತದಂತೆ.

ಸವನ್ನಾವರೆಗೆ, ನೂರು ಮೈಲಿ ಹತ್ತಿರ, ಈರುಳ್ಳಿ ನನ್ನ ತೊಡೆಯ ಮೇಲೆ ಕೂತು ಬಂತು.