ಒಂಬತ್ತು ಕೆಜಿ ಮೆಣಸಿನ ಟಿಕೆಟ್ಟು

ಕಾಳುಮೆಣಸು ಕೊಯ್ಯಿಸುತ್ತಿದ್ದೆ. ಸಿಲ್ವರ್ ಮರಕ್ಕೆ ಒರಗಿಸಿದ ಏಣಿಯ ಮೇಲೆ ಒಬ್ಬ, ಕೆಳಗೆ ಏಣಿ ಹಿಡಿದುಕೊಂಡು ನಾನು. ಹಿಡಿಯೋದಕ್ಕೆ ಇನ್ನೊಂದು ಆಳು ಸಿಗುವ ಕಾಲ ಕೊಡಗಿನಲ್ಲಿ ಮುಗಿಯಿತು, ಅದನ್ನು ಶುರು ಮಾಡಿದರೆ ಬೇರೆ ಕಥೆಯಾಗುತ್ತದೆ, ಬಿಡಿ. ಜೇಬಿನಲ್ಲಿ ಫೋನು ಟಿಂಗ್ ಅಂದಿತು. ಏಣಿ ಬಿಟ್ಟು ತೆಗೆದು ನೋಡಿದೆ. ಮೇಲಿದ್ದವನು ನನ್ನನ್ನು ಏನೋ ಅಂದ, ಅದನ್ನು ಇಲ್ಲಿ ಬರೆಯೋದಕ್ಕೆ ಆಗಲ್ಲ.

ಮೆಸೇಜು ಬೆಂಗಳೂರಿನಲ್ಲಿರುವ ಅಕ್ಕನ ಮಗನದು. "ಮಾವ, ಐಪಿಎಲ್ ಟಿಕೆಟ್ ಸಿಗ್ತಾ ಇದೆ. ಒಂದಕ್ಕೆ 6,300. ಬರ್ತೀರಾ? ಬೇಗ ಹೇಳಿ, ಐದು ನಿಮಿಷದಲ್ಲಿ ಖಾಲಿಯಾಗುತ್ತೆ."

ನಾನು ಯಾವುದೇ ಬೆಲೆ ಕೇಳಿದರೂ ಮೊದಲು ಮೆಣಸಿಗೆ ತಿರುಗಿಸಿ ನೋಡುತ್ತೇನೆ. ತೋಟದವರ ಕಾಯಿಲೆ ಇದು. ಕೆಜಿಗೆ 700 ಹಿಡಿದರೆ 6,300 ಅಂದರೆ ಒಣಗಿಸಿ ತೂರಿದ ಒಂಬತ್ತು ಕೆಜಿ. ಒಂಬತ್ತು ಕೆಜಿ ಒಣ ಮೆಣಸಿಗೆ ಎಷ್ಟು ಬಳ್ಳಿ ಹತ್ತಬೇಕು, ಎಷ್ಟು ಸಲ ಇರುವೆ ಕಚ್ಚಿಸಿಕೊಳ್ಳಬೇಕು ಅಂತ ಏಣಿಯ ಮೇಲಿದ್ದವನನ್ನೇ ಕೇಳಬಹುದಿತ್ತು, ಆದರೆ ಅವನು ಆಗ ಮಾತಾಡುವ ಮೂಡಿನಲ್ಲಿರಲಿಲ್ಲ. ಒಟ್ಟು ಮೂರೂವರೆ ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರೋದಕ್ಕೆ ಒಂಬತ್ತು ಕೆಜಿ. ಆಮೇಲೆ ಹುಡುಗ ಬಿಡಿಸಿ ಹೇಳಿದ: ಟಿಕೆಟ್ 4,500, ಉಳಿದ 1,800 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ಟಿನ ಮೇಲಿನ ತೆರಿಗೆ ಶೇ 28ರಿಂದ ಶೇ 40ಕ್ಕೆ ಏರಿದೆಯಲ್ಲ, ಅದು. ಕ್ಯಾಸಿನೊ, ಕುದುರೆ ರೇಸು ಇರುವ ಸಾಲಿನಲ್ಲೇ ಕೂರಿಸಿದ್ದಾರೆ. ಅಂದರೆ ಎರಡೂವರೆ ಕೆಜಿ ಮೆಣಸು ನಾನು ಗೇಟಿಗೆ ಹೋಗುವ ಮೊದಲೇ ಡೆಲ್ಲಿಗೆ, ವಿಧಾನಸೌಧಕ್ಕೆ ಹೋಗಿಬಿಟ್ಟಿರುತ್ತದೆ.

ದುಡ್ಡಿನ ಮಾತು ಹಾಗಿರಲಿ. "ಬರ್ತೀರಾ" ಅಂತ ಓದಿದ ಕೂಡಲೇ ನನಗೆ ನೆನಪಾದದ್ದು ಕ್ಯಾರಿಯರ್.

ಮೂರು ವರ್ಷದ ಹಿಂದೆ ಇದೇ ಹುಡುಗ ಹೀಗೇ ಕರೆದಿದ್ದ. ಆಗ ಟಿಕೆಟ್ ಇಷ್ಟಿರಲಿಲ್ಲ, ನನ್ನ ಉತ್ಸಾಹವೂ ಇಷ್ಟು ಕುಸಿದಿರಲಿಲ್ಲ. ಹೊರಡುವ ದಿನ ಬೆಳಗ್ಗೆ ನಾಲ್ಕಕ್ಕೆ ಎದ್ದು ನನ್ನ ಹೆಂಡತಿ ಇಪ್ಪತ್ತನಾಲ್ಕು ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಉಂಡೆ, ಮಾಡಿದಳು. ಜೊತೆಗೆ ಪಂದಿ ಕರಿ, ಹಂದಿ ಮಾಂಸಕ್ಕೆ ಕಾಚಂಪುಳಿ ಅನ್ನುವ ನಮ್ಮ ಕಡೆಯ ಹುಳಿ ಹಾಕಿ ಕಪ್ಪಗೆ ಬಾಡಿಸಿದ್ದು. "ಹುಡುಗ ಹೋಟೆಲ್ ಊಟ ತಿಂದು ಸೊರಗಿದ್ದಾನೆ" ಅಂದಳು. ಅವನ ತೂಕ ಆಗ ಎಂಬತ್ತೆಂಟು ಕೆಜಿ. ತುಂಬಿಸಿದ್ದು ಅವಳ ಅಮ್ಮನ ಮೂರು ತಟ್ಟೆಯ ಸ್ಟೀಲ್ ಕ್ಯಾರಿಯರ್‌ನಲ್ಲಿ. ಮುಚ್ಚಳದ ಮೇಲೆ ಅತ್ತೆಯ ಹೆಸರು, ಕೆಳಗೆ 1974 ಅಂತ ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದರು. ಈಗಿನ ಡಬ್ಬಿಗಳನ್ನು ಎರಡು ಬೆರಳಲ್ಲಿ ಎತ್ತಬಹುದು. ಇದನ್ನು ಎತ್ತಬೇಕಾದರೆ ಹೆಗಲು ಬೇಕು.

ಬಸ್ಸು ಕುಶಾಲನಗರದ ಹತ್ತಿರ ಪಂಕ್ಚರ್ ಆಗಿ, ಮೈಸೂರು ದಾಟಿದ ಮೇಲೆ ಟ್ರಾಫಿಕ್ಕಿನಲ್ಲಿ ಸಿಕ್ಕಿ, ಬೆಂಗಳೂರು ಮುಟ್ಟುವಾಗ ಸಂಜೆಯಾಗಿತ್ತು. ರೂಮಿಗೆ ಹೋಗಿ ಬರುವಷ್ಟು ಹೊತ್ತಿಲ್ಲ ಅಂತ ಹುಡುಗ ನನ್ನನ್ನು ಬಸ್‌ಸ್ಟ್ಯಾಂಡಿನಿಂದ ನೇರ ಸ್ಟೇಡಿಯಮ್ಮಿಗೆ ಎಳೆದುಕೊಂಡು ಹೋದ. ಕೈಯಲ್ಲಿ ಕ್ಯಾರಿಯರ್.

ಗೇಟಿನಲ್ಲಿದ್ದ ಸೆಕ್ಯುರಿಟಿ ಹುಡುಗ ಹೇಳಿದ, "ಸಾರ್, ಹೊರಗಿನ ಊಟ ಒಳಗೆ ಬಿಡಲ್ಲ."

"ಹೊರಗಿನದಲ್ಲಪ್ಪಾ, ಮನೇದು" ಅಂದೆ.

ಅವನಿಗೆ ಅರ್ಥವಾಗಲಿಲ್ಲ. ನನಗಂತೂ ಇವತ್ತಿಗೂ ಆಗಿಲ್ಲ. ಪಕ್ಕದಲ್ಲಿ ಒಂದು ದೊಡ್ಡ ನೀಲಿ ಡ್ರಮ್ಮು, ಅದರಲ್ಲಿ ನೀರಿನ ಬಾಟಲಿ, ಲೈಟರ್, ಬಾಚಣಿಗೆ, ಯಾರದೋ ಒಂದು ಹೊಸ ಕೊಡೆ. "ಅದರಲ್ಲಿ ಹಾಕಿ ಸಾರ್" ಅಂತ ಬೆರಳು ತೋರಿಸಿದ. ನಮ್ಮ ಹುಡುಗ, ಚಿಕ್ಕವನಿದ್ದಾಗ ರಜೆಗೆ ಬಂದು ಇದೇ ಕಡಂಬುಟ್ಟು ತಿಂದು ಬೆಳೆದವನು, ಮೆಲ್ಲಗೆ "ಮಾವ, ಹಾಕಿಬಿಡಿ, ಒಳಗೆ ಪಿಜ್ಜಾ ಸಿಗುತ್ತೆ" ಅಂದ. ನಾನು ಅವನನ್ನು ನೋಡಿದ ನೋಟಕ್ಕೆ ಮತ್ತೆ ಬಾಯಿ ತೆರೆಯಲಿಲ್ಲ.

ಫುಟ್‌ಪಾತಿನ ಮೇಲೆ ಕೂತು ಬಿಚ್ಚಿದೆವು. ನಾನು ಎಂಟು ತಿಂದೆ, ಹುಡುಗ ಒಂಬತ್ತು. ಅಲ್ಲೇ ಡ್ಯೂಟಿಯಲ್ಲಿದ್ದ ಹಾಸನ ಕಡೆಯ ಕಾನ್‌ಸ್ಟೇಬಲ್ ಒಬ್ಬರು ವಾಸನೆಗೆ ಎರಡು ಸಲ ತಿರುಗಿ ನೋಡಿದರು, ಮೂರನೇ ಸಲ ಬಂದೇಬಿಟ್ಟರು. "ಇವತ್ತು ಶನಿವಾರ ಸಾರ್" ಅಂತ ಕರಿ ಬೇಡವೆಂದು ಬರೀ ಕಡಂಬುಟ್ಟು ಮೂರು ತಿಂದರು, ಆದರೆ ಕಣ್ಣು ಪೂರ್ತಿ ಕರಿಯ ಮೇಲೇ ಇತ್ತು. ಮುಖಕ್ಕೆಲ್ಲ ಕೆಂಪು ಬಣ್ಣ ಬಳಿದುಕೊಂಡು ಟಿಕೆಟ್ ಇಲ್ಲದೆ ಸುಮ್ನೆ ನಿಂತಿದ್ದ ಒಬ್ಬ ಹುಡುಗ ಎರಡು ತಿಂದು, "ಅಂಕಲ್, ಈ ಸಲ ಕಪ್ ನಮ್ದೇ" ಅಂತ ಆಶೀರ್ವಾದ ಮಾಡಿ ಹೋದ. ಉಳಿದ ಎರಡು ಬೀದಿ ನಾಯಿಗೆ.

ಅಷ್ಟು ಹೊತ್ತಿಗೆ ಒಳಗೆ ಆಟ ಶುರುವಾಗಿತ್ತು. ಗೋಡೆಯ ಆಚೆಯಿಂದ ಹೋ ಅಂತ ಸದ್ದು. ಸಿಕ್ಸಾ, ಔಟಾ, ಗೊತ್ತಾಗದು. ಹುಡುಗ ಫೋನಿನಲ್ಲಿ ಮ್ಯಾಚ್ ಹಾಕಿದ. ಆದರೆ ಫೋನಿನ ಆಟ ನಿಜವಾದ ಆಟಕ್ಕಿಂತ ಅರ್ಧ ನಿಮಿಷ ಹಿಂದೆ ಓಡುತ್ತದಲ್ಲ, ಹಾಗಾಗಿ ಮೊದಲು ಗೋಡೆಯಾಚೆಯ ಸದ್ದು, ಆಮೇಲೆ ಬೌಲರ್ ಓಡಿ ಬರೋದು. ಏನೋ ದೊಡ್ಡದು ಆಗಲಿದೆ ಅಂತ ಮೊದಲೇ ಗೊತ್ತಾಗಿ, ಕೈಯಲ್ಲಿ ತುತ್ತು ಹಿಡಿದು ಕಾಯೋದು. ಇಬ್ಬರ ಜೇಬಿನಲ್ಲೂ ಟಿಕೆಟ್ ಇದೆ, ಇಬ್ಬರೂ ಸ್ಟೇಡಿಯಮ್ಮಿನ ಗೋಡೆಗೆ ಬೆನ್ನು ಕೊಟ್ಟು ಫೋನಿನಲ್ಲಿ ಮ್ಯಾಚ್ ನೋಡುತ್ತಿದ್ದೇವೆ. ನಿಜ ಹೇಳಲಾ? ಅವತ್ತಿನ ಮ್ಯಾಚಿನಲ್ಲಿ ನನಗೆ ಚೆನ್ನಾಗಿ ನೆನಪಿರೋದು ಆ ಏಳು ಓವರ್ ಮಾತ್ರ.

ಊಟ ಮುಗಿಯಿತು, ಕ್ಯಾರಿಯರ್ ಮುಗಿಯಲಿಲ್ಲ. ಖಾಲಿ ಕ್ಯಾರಿಯರ್ ಕೂಡ ಬಿಡಲ್ಲವಂತೆ, ಕೋಪ ಬಂದರೆ ಜನ ಮೈದಾನಕ್ಕೆ ಎಸೆಯುತ್ತಾರಂತೆ. ಅತ್ತೆಯ ಕ್ಯಾರಿಯರ್ ಎಸೆಯುವಷ್ಟು ಕೋಪ ನನಗೆ ಯಾವ ಅಂಪೈರ್ ಮೇಲೂ ಇಲ್ಲ ಅಂತ ವಾದ ಮಾಡಿದೆ. ನಡೆಯಲಿಲ್ಲ. ಕಡೆಗೆ ರಸ್ತೆಯಾಚೆ ಎಳನೀರು ಮಾರುತ್ತಿದ್ದವನ ಕೈಯಲ್ಲಿ ಐವತ್ತು ರೂಪಾಯಿ ಇಟ್ಟು, "ಮ್ಯಾಚ್ ಮುಗಿಯುವ ತನಕ ನೋಡಿಕೊಳ್ಳಪ್ಪಾ" ಅಂದೆ. "ಹೋಗ್ಬನ್ನಿ ಯಜಮಾನ್ರೆ, ನಾನೆಲ್ಲಿ ಹೋಗ್ತೀನಿ" ಅಂದ.

ರಾತ್ರಿ ಹನ್ನೊಂದೂವರೆಗೆ ಹೊರಗೆ ಬಂದರೆ ಎಳನೀರಿನವನಿಲ್ಲ, ಗಾಡಿ ಇಲ್ಲ, ಕ್ಯಾರಿಯರ್ ಇಲ್ಲ. ಎಳನೀರಿನ ಬುರುಡೆಗಳು ಮಾತ್ರ ರಾಶಿ ಬಿದ್ದಿದ್ದವು.

ಮನೆಗೆ ಬಂದು ಹೇಳಿದಾಗ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಮ್ಮನ ಹೆಸರಿತ್ತು" ಅಂದಳು, ಅಷ್ಟೇ. ಅವತ್ತಿನಿಂದ ಟಿವಿಯಲ್ಲಿ ಬೆಂಗಳೂರಿನ ಮ್ಯಾಚ್ ಬಂದರೆ, ಕ್ಯಾಮೆರಾದವನು ಸ್ಟೇಡಿಯಮ್ಮಿನ ಹೊರಗಿನ ಜನರನ್ನು ತೋರಿಸಿದಾಗೆಲ್ಲ ಅಡುಗೆಮನೆಯಿಂದ ಓಡಿ ಬಂದು ನೋಡುತ್ತಾಳೆ. ಸ್ಕೋರ್ ಕೇಳುವುದಿಲ್ಲ. "ಎಳನೀರಿನವನು ಕಾಣಿಸಿದನಾ?" ಅಂತ ಕೇಳುತ್ತಾಳೆ. ಹುಡುಗ ಪಾಪ, ನಾಲ್ಕು ಸಲ ಹೋಗಿ ವಿಚಾರಿಸಿದ. ಒಬ್ಬ "ಅವನು ಮಂಡ್ಯಕ್ಕೆ ಹೋದ" ಅಂದನಂತೆ, ಇನ್ನೊಬ್ಬ "ಅಂಥವನು ಇಲ್ಲಿ ಇರಲೇ ಇಲ್ಲ" ಅಂದನಂತೆ.

ಎಲ್ಲಿದ್ದೆ? ಹಾಂ, ಟಿಕೆಟ್ ಬೆಲೆ.

ಇದು ಬರೀ ನಮ್ಮ ಗೋಳಲ್ಲ. 2026ರ ಫುಟ್‌ಬಾಲ್ ವಿಶ್ವಕಪ್‌ಗೆ ಮೊದಲು ಹೇಳಿದ ಟಿಕೆಟ್ ದರ 60 ಡಾಲರಿನಿಂದ 6,730 ಡಾಲರಿನವರೆಗೆ. ಮೇಲಿನದನ್ನು ಲೆಕ್ಕ ಹಾಕಿದೆ. ಎಂಟು ಕ್ವಿಂಟಲಿಗೂ ಜಾಸ್ತಿ ಮೆಣಸು. ಬಳ್ಳಿಯ ಜೊತೆ ಮರವನ್ನೂ ಮಾರಬೇಕಾದೀತು. ಅದರಲ್ಲೂ ಬೆಲೆ ಒಂದೇ ಕಡೆ ನಿಲ್ಲುವುದಿಲ್ಲ, ಕೇಳುವವರು ಜಾಸ್ತಿಯಾದರೆ ಏರುತ್ತದೆ. ಅದಕ್ಕೆ ಡೈನಮಿಕ್ ಪ್ರೈಸಿಂಗ್ ಅಂತ ಹೆಸರು. ಇದೇನೋ ಹೊಸ ವಿದ್ಯೆ ಅನ್ನುವ ಹಾಗೆ ಹುಡುಗ ವಿವರಿಸಿದ. ನಮ್ಮ ಕಾಫಿ ವ್ಯಾಪಾರಿಗಳಿಗೆ ಇದು ಹುಟ್ಟುವಾಗಲೇ ಬರುತ್ತದೆ. ನಾವು ಮೂಟೆ ಜೀಪಿಗೆ ಹಾಕಿ ಹೊರಟರೆ ಸಾಕು, ರೇಟು ಇಳಿಯುತ್ತದೆ, ಮಾರಿ ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಏರುತ್ತದೆ.

ಬೆಲೆ ಜಾಸ್ತಿಯಾದಾಗ ಮರ್ಯಾದೆಯಿಂದ ಸಿಟ್ಟು ತೋರಿಸಿದವರು ಅಂದರೆ ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ಟೀಮಿನ ಅಭಿಮಾನಿಗಳು. 2016ರಲ್ಲಿ ಅಲ್ಲಿ ಹೊಸ ಸ್ಟ್ಯಾಂಡಿಗೆ 77 ಪೌಂಡಿನ ಟಿಕೆಟ್ ಇಡುತ್ತೇವೆ ಅಂದಾಗ, ಫೆಬ್ರವರಿ 6ರ ಪಂದ್ಯದ 77ನೇ ನಿಮಿಷಕ್ಕೆ ಸರಿಯಾಗಿ ಸಾವಿರಾರು ಜನ ಎದ್ದು ಹೊರಗೆ ನಡೆದರು. ಆಗ ಅವರ ಟೀಮು 2-0 ಮುಂದಿತ್ತು. ಜನ ಹೋದ ಮೇಲೆ ಸಂಡರ್‌ಲ್ಯಾಂಡಿನವರು ಎರಡು ಗೋಲು ಹೊಡೆದು 2-2 ಮಾಡಿದರು. ಕೆಲವೇ ದಿನದಲ್ಲಿ ಮಾಲೀಕರು ಕ್ಷಮೆ ಕೇಳಿ ಬೆಲೆ ವಾಪಸ್ ತೆಗೆದುಕೊಂಡರು. ಇದನ್ನು ನಾನು ನಾಪೋಕ್ಲಿನ ಅಂಗಡಿಯಲ್ಲಿ ಹೇಳಿದಾಗ ಒಬ್ಬರು, "ನಮ್ಮಲ್ಲಿ ಎದ್ದು ಹೋದರೆ ಹಿಂದಿನವನು ಥ್ಯಾಂಕ್ಸ್ ಹೇಳಿ ನಮ್ಮ ಸೀಟಿನಲ್ಲಿ ಕಾಲು ಚಾಚುತ್ತಾನೆ" ಅಂದರು. ಸರಿ ಅನ್ನಿಸಿತು.

ನನಗೆ ದುಡ್ಡಿಗಿಂತ ಜಾಸ್ತಿ ಉರಿಯೋದು ಒಳಗೆ ಇರುವ ಮೈಕಿನವನ ಮೇಲೆ. ಎರಡು ಎಸೆತಕ್ಕೊಮ್ಮೆ "ಬೆಂಗಳೂರೂ, ಕೇಳಿಸ್ತಾ ಇಲ್ಲಾ" ಅಂತಾನೆ. ದುಡ್ಡು ಕೊಟ್ಟವನು ನಾನು, ಯಾವಾಗ ಕೂಗಬೇಕು ಅಂತ ಹೇಳುವವನು ಅವನು. ಅವನಿಗೆ ಸಂಬಳ ಬೇರೆ.

ನಮ್ಮ ಕಡೆ ಕೂಗಲು ಯಾರೂ ಹೇಳಿಕೊಡಬೇಕಾಗಿಲ್ಲ. ಏಪ್ರಿಲ್ ಬಂದರೆ ಕೊಡವ ಕುಟುಂಬಗಳ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಮನೆಯವರು ಶುರು ಮಾಡಿದಾಗ 60 ತಂಡ. ಮಳೆ, ಗುಡ್ಡ ಕುಸಿತ, ಕೊರೊನಾ ಅಂತ ನಾಲ್ಕು ವರ್ಷ ನಿಂತು ಮತ್ತೆ ಎದ್ದು, 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಮನೆಯವರು ನಡೆಸಿದ ಕಪ್‌ಗೆ 360 ಕುಟುಂಬ ಬಂದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಭಾರತದ ಹಾಕಿ ಟೀಮಿನಲ್ಲಿ ಆಡಿದ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ಜಿಲ್ಲೆ ಇದು, ಹಾಗಾಗಿ ಗ್ಯಾಲರಿಯಲ್ಲಿ ಕೂತ ಪ್ರತಿಯೊಬ್ಬ ಅಜ್ಜನೂ ಸೆಲೆಕ್ಟರೇ. ಅಲ್ಲಿ ಕ್ಯಾರಿಯರ್ ತಡೆಯುವವರಿಲ್ಲ. ತರದೆ ಹೋದರೆ ಪಕ್ಕದವರು "ಯಾಕೆ, ಮನೇಲಿ ಹುಷಾರಿಲ್ವಾ?" ಅಂತ ಕೇಳುತ್ತಾರೆ.

ಟಿಕೆಟ್ ಇಲ್ಲ ಅಂದ ಮಾತ್ರಕ್ಕೆ ಅದು ಪುಕ್ಕಟೆ ಅಂತ ಮಾತ್ರ ತಿಳಿಯಬೇಡಿ. ಒಂದು ವರ್ಷ ನಮ್ಮ ಮನೆಯವರೂ ಆಡಿದೆವು. ಜೆರ್ಸಿ, ಸ್ಟಿಕ್ಕು, ಮೂರು ಜೀಪು, ನಲವತ್ತು ಜನಕ್ಕೆ ಊಟ, ಊಟದ ಜೊತೆಗಿನದು, ಎಲ್ಲ ಕೂಡಿಸಿದರೆ ಅರ್ಧ ಕ್ವಿಂಟಲ್ ಮೆಣಸು ಹೋಯಿತು. ಮೊದಲ ಪಂದ್ಯದಲ್ಲೇ 5-0 ಸೋಲು, ಮುಕ್ಕಾಲು ಗಂಟೆಯೊಳಗೆ ಎಲ್ಲ ಮುಗಿದು ಜೀಪು ಹತ್ತಿದೆವು. ಐದರಲ್ಲಿ ಎರಡು ಗೋಲು ನನ್ನ ಕಾಲಿನ ಸಂದಿಯಲ್ಲೇ ಹೋದವು. ನಿಮಿಷದ ಲೆಕ್ಕದಲ್ಲಿ ನೋಡಿದರೆ ಐಪಿಎಲ್ಲೇ ಅಗ್ಗ. ಆದರೂ ಆ ಎರಡು ಗೋಲಿನ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಮಾತಾಗುತ್ತದೆ, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬಂದರೆ ತಪ್ಪದೆ ಆಗುತ್ತದೆ, ಯಾರಿಗೂ ಮರೆಯುವ ಉದ್ದೇಶವೇ ಇಲ್ಲ.

ಹಾಗಾದರೆ ಮನೆಯಲ್ಲಿ ಟಿವಿ ನೋಡೋದೇ ವಾಸಿಯಾ? ಇರಬಹುದು. ಚೆಂಡು ಚೆನ್ನಾಗಿ ಕಾಣುತ್ತದೆ, ಕಾಫಿ ಬಿಸಿಯಾಗಿ ಸಿಗುತ್ತದೆ. ಆದರೆ ನಮ್ಮಲ್ಲಿ ಏಪ್ರಿಲ್ ಸಂಜೆ ಗುಡುಗು ಒಂದು ಸಲ ಅಂದರೆ ಸಾಕು, ಕರೆಂಟು ಹೋಗುತ್ತದೆ, ಹೋಗೋದೂ ಕೊನೇ ಓವರಿನಲ್ಲೇ. ಆಮೇಲೆ ಯಾರು ಗೆದ್ದರು ಅಂತ ತಿಳಿಯಲು ನೆಟ್‌ವರ್ಕ್ ಸಿಗುವ ತಿರುವಿನ ತನಕ ಟಾರ್ಚ್ ಹಿಡಿದು ನಡೆಯಬೇಕು. ಆನೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು.

ಇಷ್ಟೆಲ್ಲ ಯೋಚನೆ ಮಾಡಿ, ಬರಲ್ಲ ಅಂತ ಬರೆಯೋಣ ಅಂತ ಮತ್ತೆ ಫೋನ್ ತೆಗೆದಾಗ ಐದು ನಿಮಿಷ ಹೋಗಿ ಎರಡು ಗಂಟೆಯಾಗಿತ್ತು. ಹುಡುಗನ ಇನ್ನೊಂದು ಮೆಸೇಜು ಬಂದಿತ್ತು. "ಮಾವ, ನೀವು ಏನೂ ಹೇಳಲಿಲ್ಲ. ನಿಮ್ಮದೂ ಸೇರಿಸಿ ತಗೊಂಡುಬಿಟ್ಟೆ. ದುಡ್ಡು ಆಮೇಲೆ ಕೊಡಿ."

ಸಂಜೆ ಮೆಣಸು ಕಾಲಲ್ಲಿ ತುಳಿದು ಗೊಂಚಲಿನಿಂದ ಕಾಳು ಬಿಡಿಸುತ್ತಾ ಹೆಂಡತಿಗೆ ಮೆಲ್ಲಗೆ ವಿಷಯ ಹೇಳಿದೆ. 6,300 ಅಂತಲೂ ಹೇಳಿದೆ. ಒಂಬತ್ತು ಕೆಜಿ ಅಂತಲೂ ಹೇಳಿದೆ, ಹೇಗೂ ಬೈಗುಳ ಬೀಳುತ್ತದೆ, ಒಂದೇ ಸಲ ಬೀಳಲಿ ಅಂತ. ಅವಳು ಮೊರದಿಂದ ತಲೆ ಎತ್ತಲಿಲ್ಲ.

"ಯಾವ ಗೇಟು?" ಅಂದಳು.

"ಅದೇ ಗೇಟು."

ಸ್ವಲ್ಪ ಹೊತ್ತು ಮೊರ ಆಡಿಸಿದಳು.

"ಹಾಗಾದ್ರೆ ಮಧ್ಯಾಹ್ನವೇ ಹೋಗಿ ನಿಂತ್ಕೊಳ್ಳಿ. ಕತ್ತಲಾದ ಮೇಲೆ ಎಳನೀರಿನವರು ಗಾಡಿ ಕಟ್ಟಿಬಿಡುತ್ತಾರೆ."